ಯುರೋಪಿನ ‘ಪೋಲಿ’ ಸಿನಿಮಾಗಳು: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಸಿನಿಮಾ ಹುಚ್ಚು ಹತ್ತಿದವರು ಒಂದಲ್ಲ ಒಂದು ದಿನ ಈ ಬೀದಿಗೆ ಬಂದೇ ಬರುತ್ತಾರೆ. ‘ಕಿಲ್ ಬಿಲ್’ ನೋಡಿ, ಆ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಹೆಂಗಸು ಎಲ್ಲಿಂದ ಬಂದಳು ಅಂತ ಹುಡುಕಲು ಹೊರಟಿರುತ್ತಾರೆ. ಇಲ್ಲವೇ ಸಿತಾರ್, ಆರ್ಗನ್ ಬೆರೆತ ಹಳೇ ಟ್ಯೂನೊಂದು ಕಿವಿಗೆ ಬಿದ್ದಿರುತ್ತದೆ. ಹುಡುಕುತ್ತಾ ಹೋದರೆ 1960–70ರ ದಶಕದ ಯುರೋಪಿನ ದೊಡ್ಡ ರಾಶಿಯೇ ಎದುರಾಗುತ್ತದೆ. ರಕ್ತ ಹೀರುವ ರಾಣಿಯರು, ಬೆತ್ತದ ಕುರ್ಚಿಯ ಸುಂದರಿ, ಶಿಕ್ಷಣದ ಹೆಸರಿನಲ್ಲಿ ಬೆತ್ತಲೆ, ಜೈಲಿನ ಕಥೆ, ಮಠದ ಕಥೆ. ಬಹುಪಾಲು ಕಸ. ನಡುವೆ ಕೆಲವು ನಿಜಕ್ಕೂ ಬೆಲೆಬಾಳುವಂಥವು. ಹಾಗಾದರೆ ಎಲ್ಲಿಂದ ಶುರು ಮಾಡೋದು?

ಇವೆಲ್ಲ ವಯಸ್ಕರ ಚಿತ್ರಗಳು ಅಂತ ಬೇರೆ ಹೇಳಬೇಕಿಲ್ಲ. ಬರೀ ಮೈ ನೋಡಬೇಕು ಅನ್ನುವವರಿಗೆ ಈ ಬರಹದಿಂದ ಉಪಯೋಗವೂ ಇಲ್ಲ. ಅದಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋಗೋದು ಯಾಕೆ, ಅಲ್ವಾ?

ಹೋಲಿಸುವ ಅಳತೆಗೋಲು

ಈ ಚಿತ್ರಗಳ ವ್ಯಾಪಾರದ ಲೆಕ್ಕ ಸರಳ. ದುಡ್ಡು ಕಡಿಮೆ, ದೊಡ್ಡ ನಟರಿಲ್ಲ. ಹಾಗಾಗಿ ದೊಡ್ಡ ಕಂಪನಿಗಳು ತೋರಿಸಲು ಹೆದರುವುದನ್ನು ತೋರಿಸಿ ಜನರನ್ನು ಕರೆಯಬೇಕು. ಎಕ್ಸ್‌ಪ್ಲಾಯ್ಟೇಶನ್ ಸಿನಿಮಾ ಅನ್ನುವುದು ಇದಕ್ಕೇ. ಹಂಚಿಕೆದಾರ ಕೇಳುತ್ತಿದ್ದುದು ಇಷ್ಟೇ: ಪೋಸ್ಟರಿಗೆ ಆಗುವಂಥ ದೃಶ್ಯ ಎಷ್ಟಿವೆ? ಅಷ್ಟು ಕೊಟ್ಟರೆ ಮಿಕ್ಕ ಒಂದು ಗಂಟೆಯಲ್ಲಿ ನಿರ್ದೇಶಕ ಏನು ಮಾಡಿಕೊಂಡರೂ ಅವನಿಗೆ ಚಿಂತೆಯಿಲ್ಲ.

ಬಹಳ ಜನ ಆ ಒಂದು ಗಂಟೆಯನ್ನು ಸುಮ್ನೆ ಉರುಳಿಸಿದರು. ಕೆಲವರು ಮಾತ್ರ ಅಲ್ಲಿ ಕನಸು ಕಂಡರು, ಜಾಜ್ ನುಡಿಸಿದರು, ಮದುವೆ ಅನ್ನುವ ಏರ್ಪಾಡನ್ನೇ ಬಿಚ್ಚಿಟ್ಟರು. ಆಮೇಲೆ ಬಂದ ಸಿನಿಮಾದವರು, ಸಂಗೀತದವರು ಕದ್ದದ್ದು, ಕಲಿತದ್ದು ಎಲ್ಲ ಈ ಮಿಕ್ಕ ಒಂದು ಗಂಟೆಯಿಂದಲೇ. ಆದ್ದರಿಂದ ಎರಡು ಚಿತ್ರಗಳ ನಡುವೆ ಆಯ್ಕೆ ಮಾಡುವಾಗ ಎಷ್ಟು ಬಟ್ಟೆ ಬಿಚ್ಚಿದ್ದಾರೆ ಅಂತ ನಾನು ನೋಡುವುದಿಲ್ಲ. ಬಟ್ಟೆ ಹಾಕಿಕೊಂಡಿರುವಾಗ ಏನಾಗುತ್ತದೆ ಅಂತ ನೋಡುತ್ತೇನೆ.

ಕಾಲದ ಬಗ್ಗೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಚಿತ್ರರೂಪದ ಅಶ್ಲೀಲತೆಯ ಮೇಲಿನ ನಿಷೇಧವನ್ನು ಮೊದಲು ತೆಗೆದ ದೇಶ ಡೆನ್ಮಾರ್ಕ್, 1969ರಲ್ಲಿ. ಪಶ್ಚಿಮ ಜರ್ಮನಿಯಲ್ಲಿ ಕಾನೂನು ಸಡಿಲವಾಗುವಷ್ಟರಲ್ಲಿ 1970ರ ದಶಕದ ನಡುಭಾಗ ಬಂದಿತ್ತು. ಫ್ರಾನ್ಸ್ 1975ರ ಕೊನೆಯಲ್ಲಿ ‘ಎಕ್ಸ್’ ಅನ್ನುವ ವರ್ಗ ಮಾಡಿ, ಅದರ ಮೇಲೆ ದೊಡ್ಡ ತೆರಿಗೆ ಹೇರಿತು. ಸ್ಪೇನಿನಲ್ಲಿ ಸರ್ವಾಧಿಕಾರಿ ಸತ್ತ ಎರಡು ವರ್ಷಕ್ಕೆ, 1977ರಲ್ಲಿ, ಸೆನ್ಸಾರ್ ಹೋಯಿತು. ಬಾಗಿಲು ಅರ್ಧ ತೆರೆದಿದ್ದಷ್ಟು ದಿನ ಈ ಚಿತ್ರಗಳಿಗೆ ಬೆಲೆ ಇತ್ತು. ಪೂರ್ತಿ ತೆರೆದ ಮೇಲೆ, ಮನೆಮನೆಗೆ ವಿಡಿಯೊ ಬಂದ ಮೇಲೆ, ಕದ್ದು ನೋಡುವ ಆಸೆಯೇ ಹೋಯಿತು. 1980ರ ದಶಕದ ಶುರುವಿನಲ್ಲಿ ಈ ವ್ಯಾಪಾರ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು.

ಎರಡು ಎಮ್ಯಾನುಯೆಲ್‌ಗಳು

ಹೆಚ್ಚಿನವರಿಗೆ ಗೊತ್ತಿರುವ ಹೆಸರು ಇದೊಂದೇ. 1974ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಪಾಂಪಿದು ತೀರಿಕೊಂಡರು. ಮೇ ತಿಂಗಳಲ್ಲಿ ಜಿಸ್ಕಾರ್ ದೆಸ್ತಾಂ ಗೆದ್ದು ಬಂದರು. ಸೆನ್ಸಾರ್ ಸಡಿಲವಾಯಿತು. ಜೂನ್ ಕೊನೆಗೆ ‘ಎಮ್ಯಾನುಯೆಲ್’ ಥಿಯೇಟರಿಗೆ ಬಂತು. ನಿರ್ದೇಶಕ ಜುಸ್ಟ್ ಜೆಕಿನ್ ಮೂಲತಃ ಫ್ಯಾಶನ್ ಫೋಟೋಗ್ರಾಫರ್, ಅವನಿಗಿದು ಮೊದಲ ಸಿನಿಮಾ. ನಾಯಕಿ ನೆದರ್ಲೆಂಡ್ಸ್‌ನ ಸಿಲ್ವಿಯಾ ಕ್ರಿಸ್ಟೆಲ್. ಫ್ರಾನ್ಸ್ ಒಂದರಲ್ಲೇ ಸುಮಾರು 89 ಲಕ್ಷ ಟಿಕೆಟ್ ಹೋದವು. ಪ್ಯಾರಿಸ್ಸಿನ ಶಾಂಜೆಲಿಜೆ ರಸ್ತೆಯ ಒಂದು ಥಿಯೇಟರಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಓಡಿತು. ಅಮೆರಿಕದಲ್ಲಿ ಕೊಲಂಬಿಯಾದಂಥ ದೊಡ್ಡ ಕಂಪನಿಯೇ ಹಂಚಿತು.

ಚಿತ್ರ ಹೇಗಿದೆ? ಮಂಜುಮಂಜಾದ ಲೆನ್ಸು, ಚೆಂದದ ಹೆಂಗಸರು, ಬ್ಯಾಂಕಾಕ್. ರಾಯಭಾರ ಕಚೇರಿಯವನ ಹೆಂಡತಿಗೆ ಬೇಜಾರು, ಆಕೆಗೆ ‘ಪಾಠ’ ಹೇಳಲು ಒಬ್ಬ ಮುದುಕ. ಆ ಪಾಠದಲ್ಲಿ ಅಫೀಮಿನ ಅಡ್ಡೆಯೊಂದರಲ್ಲಿ ನಡೆಯುವ ಬಲಾತ್ಕಾರವೂ ಸೇರಿದೆ. ಚಿತ್ರ ಅದನ್ನು ಬಿಡುಗಡೆಯ ಒಂದು ಮೆಟ್ಟಿಲು ಅನ್ನುವ ಹಾಗೆ ತೋರಿಸುತ್ತದೆ. ಥಾಯ್ ಜನ ಉದ್ದಕ್ಕೂ ಮನೆಯ ಪೀಠೋಪಕರಣದ ಹಾಗೆ ನಿಂತಿರುತ್ತಾರೆ. ಬಟ್ಟೆ ಹಾಕಿಕೊಂಡಿರುವಾಗ ಇಲ್ಲಿ ಏನೂ ಆಗುವುದಿಲ್ಲ. ಉಪನ್ಯಾಸ ಅಷ್ಟೇ.

ಆದರೂ ಅದು ಉಳಿಸಿಹೋದದ್ದು ದೊಡ್ಡದು. ಅದುವರೆಗೆ ಕೋಟಿನ ಕಾಲರ್ ಮೇಲೆತ್ತಿಕೊಂಡು ಒಬ್ಬೊಬ್ಬರೇ ನುಸುಳುತ್ತಿದ್ದ ಸಿನಿಮಾಗೆ ಗಂಡಹೆಂಡಿರು ಜೊತೆಯಾಗಿ ಸಾಲು ನಿಂತರು. ಪೋಸ್ಟರಿನಲ್ಲಿ ನಾಯಕಿ ಕೂತ ಆ ಬೆತ್ತದ ಎತ್ತರ ಬೆನ್ನಿನ ಕುರ್ಚಿಯನ್ನು ಫ್ರಾನ್ಸಿನಲ್ಲಿ ಇವತ್ತಿಗೂ ‘ಎಮ್ಯಾನುಯೆಲ್ ಕುರ್ಚಿ’ ಅಂತಲೇ ಕರೆಯುತ್ತಾರೆ. ಸಿನಿಮಾ ನೋಡದವರ ಮನೆಯ ವರಾಂಡದಲ್ಲೂ ಅದು ಕೂತಿದೆ. ಕುರ್ಚಿಗೆ ಸಿಕ್ಕಷ್ಟು ನೆಮ್ಮದಿ ಕ್ರಿಸ್ಟೆಲ್‌ಗೆ ಸಿಗಲಿಲ್ಲ ಅನ್ನುವುದು ಬೇರೆ ಮಾತು. ಆಮೇಲೆ ಏನೇ ಮಾಡಿದರೂ ಜನ ಆಕೆಯನ್ನು ಆ ಕುರ್ಚಿಯಿಂದ ಏಳಲು ಬಿಡಲಿಲ್ಲ. ಆಕೆಯ ಆತ್ಮಕಥೆ 2006ರಲ್ಲಿ ಬಂತು. ಚಿತ್ರ ಅಥವಾ ಪುಸ್ತಕ, ಎರಡರಲ್ಲಿ ಒಂದೇ ಅಂದರೆ ನಾನು ಪುಸ್ತಕವನ್ನೇ ಹೇಳುತ್ತೇನೆ.

ಇಟಲಿಯವರು ಸುಮ್ಮನೆ ಬಿಡ್ತಾರಾ? ಮರುವರ್ಷವೇ ‘ಬ್ಲ್ಯಾಕ್ ಎಮ್ಯಾನುಯೆಲ್’ ಬಂತು. ಹಕ್ಕಿನ ತಂಟೆ ಬರದಿರಲಿ ಅಂತ ಹೆಸರಿನಿಂದ ಒಂದು ‘ಎಮ್’ ಕಿತ್ತರು, ಅಷ್ಟೇ. ನಾಯಕಿ ಲಾರಾ ಜೆಮ್ಸರ್, ಇಂಡೋನೇಷ್ಯಾದಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನಲ್ಲಿ ಬೆಳೆದಾಕೆ. ಮೊದಲ ಚಿತ್ರ ಆಫ್ರಿಕಾದಲ್ಲಿ ನಡೆಯುತ್ತದೆ. ಆಮೇಲಿನ ಹಲವನ್ನು ಜೋ ದಮಾತೋ ಎಂಬ ಹೆಸರಿನಲ್ಲಿ ಅರಿಸ್ತಿದೆ ಮಸ್ಸಾಚೇಸಿ ಮಾಡಿದ.

ಮೇಲ್ನೋಟಕ್ಕೆ ಇದು ಅಗ್ಗದ ನಕಲು. ಆದರೆ ಒಂದು ವ್ಯತ್ಯಾಸ ಗಮನಿಸಿ. ಫ್ರೆಂಚ್ ನಾಯಕಿ ಗಂಡನ ಸಂಬಳದಲ್ಲಿ ಬದುಕುವಾಕೆ. ಈಕೆ ಕೆಲಸ ಮಾಡುವ ಹೆಣ್ಣು, ಪತ್ರಿಕಾ ಫೋಟೋಗ್ರಾಫರ್. ಕುತ್ತಿಗೆಯಲ್ಲಿ ಕ್ಯಾಮೆರಾ, ಬ್ಯಾಗಿನಲ್ಲಿ ವಿಮಾನದ ಟಿಕೆಟ್. ಯಾರ ಪಾಠವೂ ಬೇಕಾಗಿಲ್ಲ. ಮೂಲದಲ್ಲಿ ಇಲ್ಲದ ಸ್ವಾತಂತ್ರ್ಯ ನಕಲಿನಲ್ಲಿದೆ. ಹಾಗಂತ ಸರಣಿ ಸುರಕ್ಷಿತ ಅಂದುಕೊಳ್ಳಬೇಡಿ. ‘ಎಮ್ಯಾನುಯೆಲ್ ಇನ್ ಅಮೆರಿಕ’ದಲ್ಲಿ ಕೃತಕವಾಗಿ ಮಾಡಿದ ಚಿತ್ರಹಿಂಸೆಯ ದೃಶ್ಯಗಳಿವೆ. ಕೃತಕ ಅಂತ ಗೊತ್ತಿದ್ದರೂ ಹೊಟ್ಟೆ ತೊಳಸುತ್ತದೆ. 1977ರ ಇನ್ನೊಂದರಲ್ಲಿ ನಾಯಕಿ ಭಾರತಕ್ಕೂ ಬರುತ್ತಾಳೆ. ಕಾಮದ ಗುಟ್ಟು ಹೇಳಿಕೊಡುವ ಗುರುವಿನ ಪಾತ್ರಕ್ಕೆ ಆರಡಿ ದಾಟಿದ ಇಟಲಿಯ ನಟ. ಸಿಟ್ಟು ಬರುವ ಮೊದಲು ನಗು ಬರುತ್ತದೆ. ಬ್ಯಾಂಕಾಕ್, ನೈರೋಬಿ, ಭಾರತ, ಎಲ್ಲವೂ ಆ ಕಾಲದ ಯುರೋಪಿಗೆ ಒಂದೇ ಬಣ್ಣದ ಪರದೆಯಾಗಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ಈ ಎರಡರಲ್ಲಿ? ಸಮಾಜದ ಇತಿಹಾಸ ಬೇಕಿದ್ದರೆ ಫ್ರೆಂಚ್ ಮೂಲ, ಅದೂ ಅರ್ಧ ನೋಡಿದರೆ ಸಾಕು. ಸಿನಿಮಾದ ಪಾತ್ರ ಬೇಕಿದ್ದರೆ ಇಟಲಿಯ ಮೊದಲ ಚಿತ್ರ. 2024ರಲ್ಲಿ ಓದ್ರೆ ದಿವಾನ್ ಎಂಬ ನಿರ್ದೇಶಕಿ ಇದೇ ಕಥೆಯನ್ನು ಹಾಂಗ್‌ಕಾಂಗ್‌ನ ಐಷಾರಾಮಿ ಹೋಟೆಲಿಗೆ ತಂದರು. ಈ ಸಲ ನಾಯಕಿಗೆ ಕೆಲಸವಿದೆ, ಸುಖ ಮಾತ್ರ ಕಳೆದುಹೋಗಿದೆ. ಯೋಚನೆ ಚೆನ್ನಾಗಿದೆ, ಚಿತ್ರ ತಣ್ಣಗಿದೆ.

ಫ್ರಾಂಕೋನಾ, ರೊಲ್ಯಾಂನಾ?

ನಿಜವಾದ ಆಯ್ಕೆ ಇಲ್ಲಿದೆ. ಸ್ಪೇನಿನ ಜೆಸ್ ಫ್ರಾಂಕೋ, ಫ್ರಾನ್ಸಿನ ಝಾನ್ ರೊಲ್ಯಾಂ. ಇಬ್ಬರೂ ರಕ್ತಪಿಶಾಚಿ ಹೆಣ್ಣುಗಳ ಹಿಂದೆ ಬಿದ್ದವರು. ಇಬ್ಬರಿಗೂ ದುಡ್ಡಿರಲಿಲ್ಲ. ಇಬ್ಬರನ್ನೂ ವಿಮರ್ಶಕರು ಬದುಕಿನ ಬಹುಪಾಲು ಗೇಲಿ ಮಾಡಿದರು. ಅಭಿಮಾನಿಗಳು ಒಂದೇ ಉಸಿರಿನಲ್ಲಿ ಹೇಳುವ ಈ ಎರಡು ಹೆಸರುಗಳ ಸ್ವಭಾವ ಮಾತ್ರ ಪೂರ್ತಿ ಬೇರೆ.

ಫ್ರಾಂಕೋ 1930ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ. ಓದಿದ ಮನೆತನ. ಪ್ರಸಿದ್ಧ ಕಾದಂಬರಿಕಾರ ಹಾವಿಯೆರ್ ಮರಿಯಾಸ್ ಇವನ ಸೋದರಳಿಯ. ಈತ ಸ್ವತಃ ಜಾಜ್ ನುಡಿಸುವವ. ಸುಳ್ಳು ಹೆಸರು ಬೇಕಾದಾಗ ಕ್ಲಿಫರ್ಡ್ ಬ್ರೌನ್ ಅಂತ ಜಾಜ್ ಕಲಾವಿದನ ಹೆಸರನ್ನೇ ಎತ್ತಿಕೊಳ್ಳುತ್ತಿದ್ದ. 1960ರ ದಶಕದಲ್ಲಿ ಅಮೆರಿಕದ ದೊಡ್ಡ ನಿರ್ದೇಶಕ ಆರ್ಸನ್ ವೆಲ್ಸ್‌ಗೆ ಸಹಾಯಕನಾಗಿ ದುಡಿದಿದ್ದ. ಆಮೇಲೆ ಏನಾಯಿತೋ, ಸಿನಿಮಾ ಮಾಡುವುದನ್ನು ಉಸಿರಾಟದ ಹಾಗೆ ಹಚ್ಚಿಕೊಂಡ. ನೂರೈವತ್ತಕ್ಕೂ ಜಾಸ್ತಿ ಚಿತ್ರಗಳು. ಒಂದೇ ಹೋಟೆಲು, ಅದೇ ನಟರು, ಒಂದರ ಶೂಟಿಂಗ್ ಮುಗಿಯುವ ಮೊದಲೇ ಇನ್ನೊಂದು. ಜಾಜ್ ಕಛೇರಿಯಲ್ಲಿ ತೋಚಿದ ಹಾಗೆ ನುಡಿಸಿದಂತೆ ಕ್ಯಾಮೆರಾ ನುಡಿಸುತ್ತಾನೆ. ಕೆಲವೊಮ್ಮೆ ಶ್ರುತಿ ಕೂಡುತ್ತದೆ. ಬಹಳ ಸಲ ಇಲ್ಲ. ಜೂಮ್ ಮಾಡಿ ಮಾಡಿ ಫೋಕಸ್ ಕಳೆದುಕೊಂಡರೂ ಹಾಗೇ ಬಿಡುತ್ತಾನೆ.

ಶ್ರುತಿ ಕೂಡಿದ ಚಿತ್ರ ‘ವ್ಯಾಂಪಿರೋಸ್ ಲೆಸ್ಬೋಸ್’. 1970ರಲ್ಲಿ ತೆಗೆದದ್ದು, 1971ರಲ್ಲಿ ಬಿಡುಗಡೆ. ರಕ್ತಪಿಶಾಚಿ ಅಂದರೆ ಕತ್ತಲು, ಕೋಟೆ, ಮಂಜು ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಇಸ್ತಾಂಬುಲ್‌ನ ಉರಿಬಿಸಿಲು, ಸಮುದ್ರ, ಕಡಲ ದಂಡೆಯ ಮನೆ. ಪಿಶಾಚಿ ಬಿಕಿನಿ ಹಾಕಿಕೊಂಡು ಬಿಸಿಲು ಕಾಯಿಸುತ್ತಾಳೆ! ನಡುನಡುವೆ ಕಥೆಗೆ ಸಂಬಂಧವೇ ಇಲ್ಲದ ಹಾಗೆ ಆಕಾಶದಲ್ಲಿ ಕೆಂಪು ಗಾಳಿಪಟ, ನೆಲದ ಮೇಲೆ ಚೇಳು, ಗಾಜಿನ ಮೇಲೆ ಜಾರುವ ರಕ್ತ. ಮತ್ತೆ ಗಾಳಿಪಟ. ಮೂರನೇ ಸಲ ಬರುವಾಗ ಅದು ಚಿತ್ರವಲ್ಲ, ತಾಳ ಅಂತ ಹೊಳೆಯುತ್ತದೆ. ನಾಯಕಿ ಸೊಲೆದಾದ್ ಮಿರಾಂಡ ಮಾತಾಡುವುದೇ ಕಡಿಮೆ. ಕಣ್ಣಲ್ಲೇ ಇಡೀ ಸಿನಿಮಾ ಹೊರುತ್ತಾಳೆ. ಚಿತ್ರ ತೆರೆಗೆ ಬರುವ ಮೊದಲೇ, 1970ರ ಆಗಸ್ಟ್‌ನಲ್ಲಿ, ಪೋರ್ಚುಗಲ್‌ನ ಕಾರು ಅಪಘಾತದಲ್ಲಿ ಆಕೆ ತೀರಿಕೊಂಡಳು. ವಯಸ್ಸು ಇಪ್ಪತ್ತೇಳು.

ಈ ಚಿತ್ರದ ಸಂಗೀತದ ಕಥೆ ಇನ್ನೂ ಸ್ವಾರಸ್ಯ. ಮ್ಯಾನ್‌ಫ್ರೆಡ್ ಹ್ಯೂಬ್ಲರ್, ಸಿಗಿ ಶ್ವಾಬ್ ಎಂಬ ಜರ್ಮನ್ನರು ಮಾಡಿದ್ದು. ಸಿತಾರ್, ಫಜ್ ಗಿಟಾರ್, ಹಿತ್ತಾಳೆ ವಾದ್ಯ ಎಲ್ಲ ಒಟ್ಟಿಗೆ. ಚಿತ್ರ ಮರೆತುಹೋದ ಮೇಲೆ 1995ರಲ್ಲಿ ಆ ಟ್ಯೂನುಗಳು ಸಿ.ಡಿ.ಯಾಗಿ ಬಂದು ಬ್ರಿಟನ್ನಿನ ಹುಡುಗರ ಪಾರ್ಟಿಗಳಲ್ಲಿ ಕುಣಿಸಿದವು. 1997ರಲ್ಲಿ ‘ಕಿಲ್ ಬಿಲ್’ ನಿರ್ದೇಶಕ ಟರಾಂಟಿನೋ ಅದರಲ್ಲೊಂದನ್ನು ‘ಜಾಕಿ ಬ್ರೌನ್’ನಲ್ಲಿ ಬಳಸಿದ. ಹಾಡು ಕೇಳಿದವರು ಸಿನಿಮಾ ಹುಡುಕಿಕೊಂಡು ಹೋದರು. 2009ರಲ್ಲಿ ಸ್ಪೇನ್ ತನ್ನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಗೋಯಾವನ್ನು ಗೌರವಾರ್ಥವಾಗಿ ಫ್ರಾಂಕೋಗೆ ಕೊಟ್ಟಿತು. ಗಾಲಿಕುರ್ಚಿಯಲ್ಲಿ ಕೂತು ಹೋಗಿ ತಗೊಂಡ. ನಾಲ್ಕು ವರ್ಷದ ಮೇಲೆ ತೀರಿಕೊಂಡ.

ರೊಲ್ಯಾಂ ಅವಸರದ ಮನುಷ್ಯನಲ್ಲ. ಮೊದಲ ದೊಡ್ಡ ಚಿತ್ರ ಬಿಡುಗಡೆಯಾದದ್ದು 1968ರ ಮೇ ತಿಂಗಳಲ್ಲಿ, ಪ್ಯಾರಿಸ್ ಬೀದಿಗಳಲ್ಲಿ ವಿದ್ಯಾರ್ಥಿಗಳ ದಂಗೆ ನಡೆಯುತ್ತಿದ್ದಾಗ. ಎಲ್ಲ ಬಂದ್ ಆಗಿದ್ದರಿಂದ ಬೇರೆ ಹೊಸ ಸಿನಿಮಾ ಇಲ್ಲದೆ ಜನ ಇದಕ್ಕೆ ನುಗ್ಗಿದರು. ನೋಡಿ ತಲೆಬುಡ ಅರ್ಥವಾಗದೆ ರೇಗಿ, ಕೈಗೆ ಸಿಕ್ಕಿದ್ದನ್ನು ಪರದೆಗೆ ಎಸೆದರು. ಆತ ಮಾತ್ರ ಬದಲಾಗಲಿಲ್ಲ. ಪಾಳು ಕೋಟೆ, ಸ್ಮಶಾನ, ಕೈಹಿಡಿದು ನಡೆಯುವ ಇಬ್ಬರು ಹುಡುಗಿಯರು, ದಿಯೆಪ್ ಹತ್ತಿರದ ಕಲ್ಲುಗುಂಡಿನ ಕಡಲತೀರ. ಚಿಕ್ಕಂದಿನಲ್ಲಿ ಕಂಡ ಆ ತೀರಕ್ಕೆ ಸಿನಿಮಾ ನಂತರ ಸಿನಿಮಾದಲ್ಲಿ ಹಿಂದಿರುಗುತ್ತಲೇ ಇದ್ದ. ಹೊಟ್ಟೆಪಾಡಿಗೆ ಬೇರೆ ಹೆಸರಿನಲ್ಲಿ ಪೂರ್ತಿ ಪೋರ್ನ್ ಚಿತ್ರಗಳನ್ನೂ ತೆಗೆದ. ಅದರಲ್ಲಿ ಬಂದ ದುಡ್ಡು ಕನಸಿನ ಸಿನಿಮಾಗಳಿಗೆ.

ರೊಲ್ಯಾಂನದ್ದು ಒಂದೇ ನೋಡುವುದಾದರೆ 1979ರ ‘ಫ್ಯಾಸಿನೇಶನ್’. ಶುರುವಿನ ದೃಶ್ಯ ಮರೆಯುವ ಹಾಗಿಲ್ಲ. ಕಾಲ 1905. ಕಸಾಯಿಖಾನೆ. ನೆಲದ ತುಂಬ ರಕ್ತ. ಅದರ ನಡುವೆ ಬಿಳಿ ಉಡುಪಿನ, ಟೋಪಿ ಹಾಕಿದ ಶ್ರೀಮಂತ ಹೆಂಗಸರು ಗಾಜಿನ ಲೋಟದಲ್ಲಿ ಎತ್ತಿನ ರಕ್ತ ಗುಟುಕರಿಸುತ್ತಿದ್ದಾರೆ. ರಕ್ತಹೀನತೆಗೆ ಔಷಧಿ ಅಂತ! ಯಾವ ಮಂತ್ರ, ಶಾಪ, ಕೋರೆಹಲ್ಲು ಇಲ್ಲದೆ ಪಿಶಾಚಿಯ ಕಥೆಗೆ ಬೇರು ಸಿಕ್ಕಿತು. ಆಮೇಲೆ ನಟಿ ಬ್ರಿಜಿತ್ ಲಾಯ್ ಕಪ್ಪು ನಿಲುವಂಗಿ ತೊಟ್ಟು, ಉದ್ದ ಹಿಡಿಯ ಹುಲ್ಲು ಕೊಯ್ಯುವ ಕತ್ತಿ ಹಿಡಿದು ಸೇತುವೆ ಮೇಲೆ ಬರುವ ದೃಶ್ಯ. ಸಾವಿರ ಪೋಸ್ಟರುಗಳಿಗೆ ಅದೇ ಮೂಲ.

ಆಯ್ಕೆ ಹೀಗೆ. ಸಂಗೀತ, ಬಣ್ಣ, ಊಹಿಸಲಾಗದ ತಿರುವು ಇಷ್ಟವಿದ್ದರೆ ಫ್ರಾಂಕೋ. ಆದರೆ ಆತನ ಯಾವುದೋ ಒಂದನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬೇಡಿ. ಕೆಟ್ಟದ್ದು ಸಿಗುವ ಸಂಭವವೇ ಜಾಸ್ತಿ. ಅದರಲ್ಲೂ ಹೆಂಗಸರ ಜೈಲಿನ ಕಥೆಗಳಲ್ಲಿ ಕ್ರೌರ್ಯ ಬಿಟ್ಟರೆ ಏನೂ ಇಲ್ಲ. ನಿಧಾನ ಸಹಿಸಬಲ್ಲವರು, ಕಥೆ ಇಲ್ಲದಿದ್ದರೂ ಚಿತ್ರದೊಳಗೆ ಓಡಾಡಬಲ್ಲವರು ರೊಲ್ಯಾಂ ಹತ್ತಿರ ಹೋಗಲಿ. ಆತನ ಯಾವುದನ್ನು ಎತ್ತಿಕೊಂಡರೂ ಹೆಚ್ಚುಕಡಿಮೆ ಒಂದೇ ಕನಸು. ನನಗೆ ರೊಲ್ಯಾಂ ಹೆಚ್ಚು ಪ್ರಿಯ. ನೆನಪಲ್ಲಿ ಉಳಿಯುವ ಮುಖ ಮಾತ್ರ ಮಿರಾಂಡಳದ್ದು.

ಒಂದೇ ಒಂದು ನೋಡ್ತೀನಿ ಅನ್ನುವವರಿಗೆ

ಹಾಗಾದರೆ ಎರಡೂ ಬೇಡ. ಬೆಲ್ಜಿಯಂಗೆ ಹೋಗಿ. ಹ್ಯಾರಿ ಕ್ಯುಮೆಲ್‌ನ ‘ಡಾಟರ್ಸ್ ಆಫ್ ಡಾರ್ಕ್‌ನೆಸ್’, 1971.

ಆಸ್ಟೆಂಡ್ ಅನ್ನುವ ಕಡಲ ಊರು. ಚಳಿಗಾಲ, ಸೀಸನ್ ಅಲ್ಲ. ದೊಡ್ಡ ಹೋಟೆಲಿನಲ್ಲಿ ಹೊಸದಾಗಿ ಮದುವೆಯಾದ ಜೋಡಿ ಬಿಟ್ಟರೆ ಯಾರೂ ಇಲ್ಲ. ಹುಡುಗಿಗೆ ಗಂಡನ ತಾಯಿಯನ್ನು ನೋಡುವ ಅವಸರ. ಗಂಡ ಏನೋ ನೆಪ ಹೇಳಿ ಮುಂದೂಡುತ್ತಲೇ ಇರುತ್ತಾನೆ. ಅಷ್ಟರಲ್ಲಿ ಒಂದು ರಾತ್ರಿ ಕೌಂಟೆಸ್ ಬಾಥರಿ ಬಂದಿಳಿಯುತ್ತಾಳೆ. ನಲವತ್ತು ವರ್ಷ ಹಿಂದೆ ಬಂದಿದ್ದಾಗ ಹೇಗಿದ್ದಳೋ ಹಾಗೇ ಇದ್ದಾಳೆ ಅಂತ ಹೋಟೆಲಿನ ಗುಮಾಸ್ತ ಬೆವರುತ್ತಾನೆ.

ಆ ಪಾತ್ರ ಮಾಡಿದ್ದು ಡೆಲ್ಫೀನ್ ಸೇರಿಗ್. ಫ್ರೆಂಚ್ ಕಲಾಚಿತ್ರಗಳ ರಾಣಿ ಅನ್ನಬಹುದಾದ ನಟಿ. ಬೆಳ್ಳಿಯಂತೆ ಹೊಳೆಯುವ ಗೌನು, ಕೆಂಪು ತುಟಿ, ಯಾವತ್ತೂ ಏರದ ದನಿ. ರಕ್ತಪಿಶಾಚಿ ಆಕೆಯೇ, ಆದರೆ ಸಿನಿಮಾ ಸಾಗಿದಂತೆ ಹುಡುಗಿ ಹೆದರಬೇಕಾದದ್ದು ಯಾರಿಗೆ ಅನ್ನುವ ಪ್ರಶ್ನೆ ಏಳುತ್ತದೆ. ಬೆಲ್ಟ್ ಬಿಚ್ಚಿ ಹೊಡೆಯುವವನು ಗಂಡ. ಸಿಹಿ ಮಾತಾಡುವವಳು ಪಿಶಾಚಿ. ಅವನ ‘ತಾಯಿ’ ಯಾರು ಅಂತ ಗೊತ್ತಾಗುವ ಫೋನ್ ದೃಶ್ಯವನ್ನು ನಾನಿಲ್ಲಿ ಹೇಳಿ ಹಾಳು ಮಾಡುವುದಿಲ್ಲ.

ನಾಲ್ಕು ವರ್ಷದ ಮೇಲೆ ಇದೇ ಸೇರಿಗ್ ಇನ್ನೊಬ್ಬ ಬೆಲ್ಜಿಯಂ ನಿರ್ದೇಶಕಿ ಶಾಂತಾಲ್ ಅಕರ್ಮನ್ ಅವರ ‘ಜಾನ್ ಡೀಲ್ಮನ್’ನಲ್ಲಿ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿದರು. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ನಡೆಸಿದ ವಿಮರ್ಶಕರ ಮತದಾನದಲ್ಲಿ ಸಾರ್ವಕಾಲಿಕ ಮೊದಲ ಸ್ಥಾನ ಅದಕ್ಕೆ ಬಂತು. ಪಿಶಾಚಿ ಸಿನಿಮಾ, ಆಲೂಗಡ್ಡೆ ಸಿನಿಮಾ ಎರಡನ್ನೂ ಬೆನ್ನಿಗೆ ಬೆನ್ನು ನೋಡಿ. ಎರಡರಲ್ಲೂ ಮನೆ ಅನ್ನುವುದು ಹೆಣ್ಣಿಗೆ ಏನು ಮಾಡುತ್ತದೆ ಅನ್ನುವ ಒಂದೇ ವಿಚಾರ.

ಉತ್ತರದ ದೇಶಗಳು

ಸ್ವೀಡನ್ ಅಂದರೆ ಬಿಚ್ಚುಮನಸ್ಸು ಅನ್ನುವ ಹೆಸರು ಹೇಗೆ ಬಂತು? ಸ್ವಲ್ಪ ಮಟ್ಟಿಗೆ ಬೇರೆಯವರ ಕತ್ತರಿಯಿಂದ. 1953ರಲ್ಲಿ ಅಲ್ಲಿನ ಹೆಸರಾಂತ ನಿರ್ದೇಶಕ ಬರ್ಗ್‌ಮನ್ ‘ಸಮ್ಮರ್ ವಿತ್ ಮೋನಿಕಾ’ ಮಾಡಿದ. ಅಮೆರಿಕದ ಕ್ರೋಗರ್ ಬ್ಯಾಬ್ ಎಂಬ ವ್ಯಾಪಾರಿ ಅದನ್ನು ಕೊಂಡು, ಕತ್ತರಿಸಿ, ಸಂಗೀತ ಬದಲಿಸಿ, ಕೆಟ್ಟ ಹುಡುಗಿಯ ಕಥೆ ಅಂತ ಪೋಸ್ಟರ್ ಅಂಟಿಸಿದ. ಅದೇ ಚಿತ್ರವನ್ನು ಪ್ಯಾರಿಸ್ಸಿನಲ್ಲಿ ನಿರ್ದೇಶಕ ಗೊದಾರ್ ತಲೆ ಮೇಲೆ ಹೊತ್ತ. ಕಲೆಯೋ ಪೋಲಿಯೋ ಅಂತ ಬಹಳ ಸಲ ತೀರ್ಮಾನ ಮಾಡಿದ್ದು ಪೋಸ್ಟರ್ ಮಾಡಿದವನೇ.

ವಿಲ್ಗೋತ್ ಶೋಮನ್‌ನ ‘ಐ ಆಮ್ ಕ್ಯೂರಿಯಸ್ (ಯೆಲ್ಲೋ)’ 1967ರದ್ದು. ಅಮೆರಿಕದ ಕಸ್ಟಮ್ಸ್‌ನವರು ಅದನ್ನು ಹಿಡಿದಿಟ್ಟರು. ಕೋರ್ಟಿನಿಂದ ಬಿಡಿಸಿಕೊಂಡು 1969ರಲ್ಲಿ ತೆರೆಗೆ ಬಂದಾಗ ಜನ ಮುಗಿಬಿದ್ದರು. ಒಳಗೆ ಹೋದವರಿಗೆ ಸಿಕ್ಕಿದ್ದು ಹೆಚ್ಚಾಗಿ ರಾಜಕೀಯ. ಮುಂದೆ ಸ್ವೀಡನ್ನಿನ ಪ್ರಧಾನಿಯಾದ ಉಲೋಫ್ ಪಾಲ್ಮೆ ಜೊತೆ ಸಂದರ್ಶನ, ವರ್ಗಭೇದದ ಚರ್ಚೆ. ಟಿಕೆಟ್ ಕೊಂಡು ಮೋಸ ಹೋದವರ ಮುಖ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಇವತ್ತು ನೋಡಲು ಕಷ್ಟ, ಆದರೆ ಸೆನ್ಸಾರ್ ಬಗ್ಗೆ ಓದುವವರು ತಪ್ಪಿಸುವ ಹಾಗಿಲ್ಲ.

ಒಂದು ಟ್ಯೂನ್ ಮಾತ್ರ ಹೇಳಲೇಬೇಕು. ‘ಮಾ ನಾ ಮಾ ನಾ... ಡೂ ಡೂಡೂಡೂಡೂ.’ ಮಕ್ಕಳಿರುವ ಮನೆಯಲ್ಲಿ ಮಪೆಟ್ ಗೊಂಬೆಗಳು ಇದನ್ನು ಹಾಡಿಯೇ ಹಾಡಿರುತ್ತವೆ. ಇದರ ಹುಟ್ಟು 1968ರ ಒಂದು ಇಟಾಲಿಯನ್ ಚಿತ್ರದಲ್ಲಿ. ಸ್ವೀಡನ್ನಿನವರ ನಡತೆ ಹೀಗಂತೆ ಹಾಗಂತೆ ಅಂತ ಸಾಕ್ಷ್ಯಚಿತ್ರದ ವೇಷದಲ್ಲಿ ಹೇಳುವ ಅರ್ಧ ಸುಳ್ಳಿನ ಸಿನಿಮಾ. ಸೌನಾ ಸ್ನಾನಕ್ಕೆ ಹೋಗುವ ಹೆಂಗಸರ ದೃಶ್ಯಕ್ಕೆ ಪಿಯೆರೋ ಉಮಿಲಿಯಾನಿ ಈ ಟ್ಯೂನ್ ಹಾಕಿದ. ಮರುವರ್ಷವೇ ‘ಸೆಸಮಿ ಸ್ಟ್ರೀಟ್’ ಎಂಬ ಅಮೆರಿಕದ ಟಿ.ವಿ. ಕಾರ್ಯಕ್ರಮ ಅದನ್ನು ಮಕ್ಕಳ ಹಾಡಾಗಿಸಿತು. ಆ ಸಿನಿಮಾ ನೋಡುವ ಅಗತ್ಯ ಇಲ್ಲ. ಅದರ ಆಸ್ತಿ ಆಗಲೇ ನಿಮ್ಮ ಮನೆಯಲ್ಲಿದೆ. ಇಟಲಿಯ ಈ ಬಗೆಯ ಚಿತ್ರಗಳಲ್ಲಿ ಹತ್ತರಲ್ಲಿ ಎಂಟಕ್ಕೆ ಇದೇ ಮಾತು: ನೋಡುವುದಕ್ಕಿಂತ ಕೇಳುವುದು ಮೇಲು.

ಶುರುವಿನಲ್ಲಿ ಹೇಳಿದ, ‘ಕಿಲ್ ಬಿಲ್’ನ ಕಣ್ಣಿಗೆ ಪಟ್ಟಿ ಕಟ್ಟಿದವಳ ಮೂಲವೂ ಸ್ವೀಡನ್ನೇ. 1973ರ ‘ಥ್ರಿಲ್ಲರ್: ಎ ಕ್ರುಯೆಲ್ ಪಿಕ್ಚರ್’. ನಿರ್ದೇಶಕ ಬೂ ಆರ್ನೆ ವಿಬೇನಿಯಸ್ ಬರ್ಗ್‌ಮನ್ ತಂಡದಲ್ಲಿ ಕೆಲಸ ಮಾಡಿದ್ದವ. ನಾಯಕಿ ಕ್ರಿಸ್ಟೀನಾ ಲಿಂಡ್‌ಬರ್ಗ್‌ಗೆ ಚಿತ್ರದಲ್ಲಿ ಮಾತೇ ಇಲ್ಲ. ತನ್ನನ್ನು ಹಾಳು ಮಾಡಿದವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾಳೆ. ಟರಾಂಟಿನೋ ಎತ್ತಿಕೊಂಡದ್ದು ಆ ಪಟ್ಟಿ. ಆದರೆ ಅದರ ಮೌನವನ್ನು ಎತ್ತಿಕೊಳ್ಳಲು ಅವನಿಂದ ಆಗಲಿಲ್ಲ.

ಡೆನ್ಮಾರ್ಕಿನ ‘ಹಾಸಿಗೆಯಂಚಿನ’ ನಗೆಚಿತ್ರಗಳ ಬಗ್ಗೆ ಒಂದೇ ಮಾತು. ಅಲ್ಲಿನ ಹಿರಿಯ ನಿರ್ದೇಶಕ ಡ್ರೇಯರ್‌ನ ‘ಓರ್ಡೆಟ್’ನಂಥ ಗಂಭೀರ ಚಿತ್ರ ಮಾಡಿದ ಪಲ್ಲಾಡಿಯಂ ಕಂಪನಿಯೇ 1970ರಿಂದ ಇವನ್ನೂ ಮಾಡಿತು. ಚಿತ್ರಗಳು ನಿರುಪದ್ರವಿ, ನಗು ಮಾತ್ರ ಬರುವುದಿಲ್ಲ. ಬ್ರಿಟನ್ನಿನ ‘ಕನ್ಫೆಶನ್ಸ್’ ನಗೆಚಿತ್ರ ಸರಣಿಗೂ ಇದೇ ತೀರ್ಪು. ಜರ್ಮನಿಯಲ್ಲಿ 1970ರಿಂದ ಹದಿಮೂರು ಭಾಗಗಳಲ್ಲಿ ಬಂದ ‘ವರದಿ’ ಸರಣಿ ಆ ದೇಶದಲ್ಲಿ ಕೋಟ್ಯಂತರ ದುಡ್ಡು ಮಾಡಿತು. ಸಮೀಕ್ಷೆಯ ವೇಷ ಹಾಕಿ ಶಾಲೆಯ ಹುಡುಗಿಯರನ್ನು ಸರಕು ಮಾಡಿದ ಸರಣಿ ಅದು. ಅದನ್ನು ಯಾರಿಗೂ ನೋಡಿ ಅನ್ನುವುದಿಲ್ಲ. ಇತಿಹಾಸದ ಪುಸ್ತಕದಲ್ಲಿ ಅದರ ಬಗ್ಗೆ ಓದಿದರೆ ಸಾಕು.

ಕಲಾಚಿತ್ರವಾದರೆ ನಟಿಯರಿಗೆ ಗೌರವ ಇತ್ತು, ಅಗ್ಗದ ಚಿತ್ರದಲ್ಲಿ ಇರಲಿಲ್ಲ ಅನ್ನುವ ಲೆಕ್ಕವನ್ನೂ ನಂಬಬೇಡಿ. 1972ರ ‘ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್’ ದೊಡ್ಡ ನಿರ್ದೇಶಕನ, ದೊಡ್ಡ ನಟನ ಚಿತ್ರ. ಅದರ ಕುಖ್ಯಾತ ಬಲಾತ್ಕಾರದ ದೃಶ್ಯದ ವಿವರವನ್ನು ನಾಯಕಿ ಮರಿಯಾ ಶ್ನೈಡರ್‌ಗೆ ಮೊದಲೇ ಹೇಳಿರಲಿಲ್ಲ ಅಂತ ನಿರ್ದೇಶಕ ಬೆರ್ತಲೂಚಿ ತಾನೇ ಒಪ್ಪಿಕೊಂಡ. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದಳು.

ಮೂಲ ಬೇಕಾ, ಮೊಮ್ಮಕ್ಕಳು ಸಾಕಾ?

ಹಳೇ ಚಿತ್ರಗಳ ಒರಟುತನ ಸಹಿಸಲು ಆಗದವರಿಗೆ ದಾರಿ ಇದೆ. ಪೀಟರ್ ಸ್ಟ್ರಿಕ್‌ಲ್ಯಾಂಡ್‌ನ ‘ದಿ ಡ್ಯೂಕ್ ಆಫ್ ಬರ್ಗಂಡಿ’, 2014. ಫ್ರಾಂಕೋ ಚಿತ್ರಗಳ ಗಾಳಿಯಲ್ಲೇ ಹುಟ್ಟಿದ್ದು. ಇಡೀ ಸಿನಿಮಾದಲ್ಲಿ ಒಬ್ಬ ಗಂಡಸೂ ಇಲ್ಲ. ಚಿಟ್ಟೆಗಳ ಬಗ್ಗೆ ಓದುವ ಇಬ್ಬರು ಹೆಂಗಸರು ಯಜಮಾನಿ, ಕೆಲಸದವಳು ಅಂತ ಆಟ ಆಡುತ್ತಾರೆ. ನಿಧಾನಕ್ಕೆ ಗೊತ್ತಾಗುತ್ತದೆ: ಅಪ್ಪಣೆ ಕೊಡುವವಳಿಗೇ ಈ ಆಟ ಸಾಕಾಗಿದೆ, ಬೆನ್ನು ನೋವು ಬೇರೆ. ಪೈಜಾಮ ಹಾಕಿಕೊಂಡು ಮಲಗಿದರೆ ಸಾಕು ಅವಳಿಗೆ. ಬೆತ್ತಲೆ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಫ್ರಾಂಕೋ ಚಿತ್ರಗಳ ನಟಿ ಮೋನಿಕಾ ಸ್ವಿನ್ ಬಹಳ ವರ್ಷಗಳ ಮೇಲೆ ಇದರಲ್ಲಿ ಪಕ್ಕದ ಮನೆಯಾಕೆಯಾಗಿ ಬರುತ್ತಾಳೆ. ತೆರೆಯ ಮೇಲೆ ಬರುವ ಹೆಸರುಗಳ ಪಟ್ಟಿಯಲ್ಲಿ ಸುಗಂಧ ದ್ರವ್ಯಕ್ಕೂ ಒಂದು ಸಾಲು ಕೊಟ್ಟಿದ್ದಾರೆ.

ಇನ್ನೊಂದು, ಬೆಲ್ಜಿಯಂನಲ್ಲಿ ನೆಲೆಸಿದ ದಂಪತಿ ಎಲೆನ್ ಕಾತೆ, ಬ್ರೂನೋ ಫೋರ್ಜಾನಿ ಮಾಡಿದ ‘ಆಮೆರ್’, 2009. ಇಟಲಿಯ ಕೊಲೆಚಿತ್ರಗಳ ಚರ್ಮದ ಕೈಗವಸು, ಕತ್ತಿ, ಕಣ್ಣಿನ ಕ್ಲೋಸಪ್ಪುಗಳನ್ನೆಲ್ಲ ತೆಗೆದು ಒಬ್ಬ ಹೆಣ್ಣಿನ ಒಳಗಿನ ಅನುಭವವಾಗಿ ಹೊಲಿದಿದ್ದಾರೆ. ಕಣ್ಣಿಗೆ ಹಬ್ಬ, ಒಂದು ಗಂಟೆ ದಾಟಿದ ಮೇಲೆ ಸ್ವಲ್ಪ ಸುಸ್ತು. ಇವೆರಡರಲ್ಲಿ ಸ್ಟ್ರಿಕ್‌ಲ್ಯಾಂಡ್ ಮೇಲು. ಹಳೆಯದನ್ನು ನೆನೆಸಿಕೊಳ್ಳುತ್ತಲೇ ಅವನು ಹೊಸದಾಗಿ ಹೇಳಲು ಒಂದು ಪ್ರೇಮಕಥೆ ಇಟ್ಟುಕೊಂಡಿದ್ದಾನೆ.

ಯಾವ ಆವೃತ್ತಿ?

ಸಿನಿಮಾ ಆರಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಸರ್ವಾಧಿಕಾರದ ಕಾಲದ ಸ್ಪೇನಿನಲ್ಲಿ ಒಂದೇ ದೃಶ್ಯವನ್ನು ಎರಡು ಸಲ ತೆಗೆಯುತ್ತಿದ್ದರು. ಊರಿಗೆ ಬಟ್ಟೆ ಹಾಕಿದ್ದು, ಹೊರದೇಶಕ್ಕೆ ಬಿಚ್ಚಿದ್ದು. ಬಿಚ್ಚಿದ್ದನ್ನು ನೋಡಲು ಸ್ಪೇನಿನವರು ಗಡಿ ದಾಟಿ ಫ್ರಾನ್ಸಿನ ಪೆರ್ಪಿನ್ಯಾಂ ಊರಿಗೆ ಹೋಗುತ್ತಿದ್ದರು. ಹಾಗಾಗಿ ಒಂದೇ ಹೆಸರಿನ ಕೆಳಗೆ ಎರಡು ಮೂರು ಬೇರೆಬೇರೆ ಸಿನಿಮಾ ಇರುತ್ತವೆ. ನಮ್ಮ ಮಾರ್ನಿಂಗ್ ಶೋಗಳಲ್ಲಿ ಆಪರೇಟರ್ ನಡುವೆ ‘ಬಿಟ್’ ಸೇರಿಸುತ್ತಿದ್ದ ಕಥೆ ಕೇಳಿದವರಿಗೆ ಇದೇನೂ ಹೊಸದಲ್ಲ.

‘ಥ್ರಿಲ್ಲರ್’ನ ಒಂದು ಆವೃತ್ತಿಯಲ್ಲಿ ಬೇರೆ ಯಾರದೋ ಪೋರ್ನ್ ತುಣುಕುಗಳನ್ನು ತುರುಕಿದ್ದಾರೆ. ಲಿಂಡ್‌ಬರ್ಗ್‌ಗೂ ಅದಕ್ಕೂ ಸಂಬಂಧವಿಲ್ಲ. ಅದಿಲ್ಲದ ಆವೃತ್ತಿಯನ್ನೇ ಆರಿಸಿ, ಚಿತ್ರ ಬಿಗಿಯಾಗಿದೆ. ‘ವ್ಯಾಂಪಿರೋಸ್ ಲೆಸ್ಬೋಸ್’ ಜರ್ಮನ್ ಆವೃತ್ತಿಯಲ್ಲೇ ನೋಡಿ. ಸ್ಪ್ಯಾನಿಷ್ ಆವೃತ್ತಿಯಲ್ಲಿ ಬಟ್ಟೆ ಉಳಿಸಿಕೊಂಡು ಮತ್ತನ್ನು ಕಳೆದುಕೊಂಡುಬಿಟ್ಟಿದ್ದಾರೆ. ರೊಲ್ಯಾಂ ಚಿತ್ರಗಳು ಫ್ರೆಂಚ್‌ನಲ್ಲಿ, ಸಬ್‌ಟೈಟಲ್ ಹಾಕಿಕೊಂಡು. ‘ಡಾಟರ್ಸ್ ಆಫ್ ಡಾರ್ಕ್‌ನೆಸ್’ ಮಾತ್ರ ಇಂಗ್ಲಿಷ್‌ನಲ್ಲಿ. ಸೇರಿಗ್‌ರ ಆ ಸಿಗರೇಟಿನ ಹೊಗೆಯಂಥ ದನಿ ಅಲ್ಲೇ ಸಿಗುವುದು. ಇಟಲಿಯ ಚಿತ್ರಗಳಿಗೆ ಯಾವ ಭಾಷೆಯಾದರೂ ಸರಿ. ಆಗ ಅಲ್ಲಿ ಎಲ್ಲವನ್ನೂ ಆಮೇಲೆ ಡಬ್ ಮಾಡುತ್ತಿದ್ದರು.

ಫ್ರಾಂಕೋನ ‘ಎ ವರ್ಜಿನ್ ಅಮಂಗ್ ದಿ ಲಿವಿಂಗ್ ಡೆಡ್’ ಕೈಗೆ ಸಿಕ್ಕಿದರೆ ಇನ್ನೂ ಹುಷಾರು. ತಂದೆಯ ಸಾವಿನ ಮೇಲೆ ಮಗಳು ಹಳೇ ಮನೆಗೆ ಬರುವ, ವಿಷಾದ ತುಂಬಿದ ಚಿತ್ರ ಅದು. 1980ರ ದಶಕದ ಶುರುವಿನಲ್ಲಿ ಜೋಂಬಿ ಚಿತ್ರಗಳು ಓಡುತ್ತಿವೆ ಅಂತ ನಿರ್ಮಾಪಕರು ಅದಕ್ಕೆ ಹೊಸದಾಗಿ ಜೋಂಬಿ ದೃಶ್ಯ ಸೇರಿಸಿದರು. ಅವನ್ನು ತೆಗೆದುಕೊಟ್ಟವನು ಬೇರಾರೂ ಅಲ್ಲ, ರೊಲ್ಯಾಂ. ಅದೇ ಹೊತ್ತಿಗೆ ‘ಜೋಂಬಿ ಲೇಕ್’ ಅನ್ನುವ ಚಿತ್ರಕ್ಕೂ ಮೊದಲು ಫ್ರಾಂಕೋನನ್ನು ಗೊತ್ತು ಮಾಡಿದ್ದರು. ಆತ ಕೈಕೊಟ್ಟ. ಸುಳ್ಳು ಹೆಸರು ಹಾಕಿ ಅದನ್ನೂ ರೊಲ್ಯಾಂ ಮುಗಿಸಿಕೊಟ್ಟ. ಅದನ್ನು ಕುತೂಹಲಕ್ಕೂ ನೋಡಬೇಡಿ. ‘ವರ್ಜಿನ್’ ಕೊಳ್ಳುವಾಗ ಡಿಸ್ಕಿನ ಹಿಂಬದಿ ಓದಿ, ಫ್ರಾಂಕೋ ಮೊದಲು ಕತ್ತರಿಸಿದ ಆವೃತ್ತಿ ಒಳಗಿದೆಯಾ ಅಂತ ಖಾತ್ರಿ ಮಾಡಿಕೊಂಡು ತಗೊಳ್ಳಿ.